ಪದ್ಮಾಸನಕ್ಕೆ ಆತುರವೇಕೆ?

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಮಾರ್ಗದ ಪೀರನವಾಡಿಯಂಥ ಊರುಗಳಲ್ಲಿ ಹಿಂದಿನ ವ್ಯಾಪಾರಿಗಳು ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೇ ಲೆಕ್ಕ ಬರೆಯುತ್ತಿದ್ದರು. ಇಂದು ಅಂಗಡಿಗೂ ಊಟದ ಮನೆಗೂ ಕುರ್ಚಿ ಬಂದಿದೆ. ಬಿಗಿದ ಸೊಂಟದ ಕೀಲುಗಳೊಡನೆ ಶ್ರಾವಕರು ಪರ್ವದ ದಿನ ಒಮ್ಮೆಲೇ ಪದ್ಮಾಸನ ಹಾಕಿ, ಎರಡು ಘಟಿಗಳ, ಅಂದರೆ 48 ನಿಮಿಷಗಳ ಸಾಮಾಯಿಕಕ್ಕೆ ಕುಳಿತರೆ ಚಿತ್ತವೆಲ್ಲ ಮೊಣಕಾಲಿನ ನೋವಿನಲ್ಲೇ ನೆಲೆಸುತ್ತದೆ.

ಸೊಂಟದ ಕೀಲು ಗುಳಿಯಲ್ಲಿ ಕುಳಿತ ಚೆಂಡಿನಂತೆ ಎಲ್ಲ ದಿಕ್ಕಿಗೂ ಹೊರಳಬಲ್ಲದು. ಮೊಣಕಾಲಾದರೋ ಮುಖ್ಯವಾಗಿ ಮಡಚಲು, ಚಾಚಲು ಇರುವಂಥದು. ತೊಡೆಯು ಹೊರಕ್ಕೆ ಹೊರಳದಿರುವಾಗ ಪಾದವನ್ನು ಬಲವಂತವಾಗಿ ಎಳೆದು ಮೇಲಿಟ್ಟರೆ ಆ ತಿರುಚು ಮೊಣಕಾಲಿಗೆ ಬಿದ್ದು ಒಳಗಿನ ಮೃದ್ವಸ್ಥಿ ಹರಿಯಬಹುದು. ಆದುದರಿಂದ ಮೊದಲು ಬದ್ಧಕೋನಾಸನ. ಕುಳಿತುಕೊಳ್ಳಲು ಮಡಚಿದ ಕಂಬಳಿ. ಮೊಣಕಾಲುಗಳನ್ನು ಕೈಯಿಂದ ಒತ್ತುವಂತಿಲ್ಲ. ತಿಂಗಳುಗಳ ಅಭ್ಯಾಸದ ಬಳಿಕ ಅರ್ಧಪದ್ಮಾಸನ, ಅದೂ ಕಾಲು ಬದಲಿಸುತ್ತ. ತೊಡೆಸಂದಿನಲ್ಲಿ ಹಿತವಾದ ಸೆಳೆತ ತೋರಿದರೆ ಸಹಜವೇ. ಮೊಣಕಾಲಿನಲ್ಲಿ ಚುಚ್ಚಿದರೆ ಕೂಡಲೇ ಕಾಲು ಬಿಡಿಸಬೇಕು. ಸೊಂಟದ ಕೀಲು ಬದಲಾಯಿಸಿಕೊಂಡವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಕೂಡದು.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಹುಡುಗನಾಗಿದ್ದಾಗ, ಅಭ್ಯಾಸವಿಲ್ಲದೆಯೇ ಗುರುವಿನ ಆಜ್ಞೆಯಂತೆ ಅತಿಥಿಯೊಬ್ಬರ ಮುಂದೆ ಹನುಮಾನಾಸನ ಮಾಡಿ ತೊಡೆಯ ಸ್ನಾಯು ಹರಿದುಕೊಂಡಿದ್ದರು. ಗಾಯ ಮಾಯಲು ಬಹುಕಾಲ ಹಿಡಿಯಿತು. ಅವರನ್ನು 1937ರಲ್ಲಿ ಪುಣೆಗೆ ಕರೆಸಿಕೊಂಡವರು ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ.ಬಿ. ಗೋಖಲೆ. ಮುಂದೆ ಕಂಬಳಿ, ಇಟ್ಟಿಗೆ, ಪಟ್ಟಿಗಳ ಆಸರೆಯಿಂದ ಆಸನ ಕಲಿಸುವ ಕ್ರಮಕ್ಕೆ ಅಯ್ಯಂಗಾರರೇ ಹೆಸರಾದರು. ಆಸರೆ ಪಡೆಯುವುದು ಅಶಕ್ತರ ಲಕ್ಷಣವೆಂದು ನಗುವವರು ಇದನ್ನು ನೆನೆಯುವುದು ಒಳ್ಳೆಯದು.

ಶುಭಚಂದ್ರಾಚಾರ್ಯರ 'ಜ್ಞಾನಾರ್ಣವ'ವಂತೂ ಪರ್ಯಂಕ, ವೀರ, ಸುಖ, ಕಮಲಾದಿ ಆಸನಗಳನ್ನು ಹೆಸರಿಸಿ, ಮುನಿಗಳು ಯಾವುದರಲ್ಲಿ ಸುಖವಾಗಿ ಕುಳಿತು ಮನಸ್ಸನ್ನು ನಿಶ್ಚಲಗೊಳಿಸಬಲ್ಲರೋ ಅದೇ ಯೋಗ್ಯವಾದ ಆಸನವೆನ್ನುತ್ತದೆ. ಮುನಿಗಳಿಗೇ ಇಷ್ಟು ಸಡಿಲವಿರುವಾಗ ಗೃಹಸ್ಥರಿಗೇಕೆ ಹಟ? ದಕ್ಷಿಣದ ಬಸದಿಗಳಲ್ಲಿ ಕುಳಿತ ಜಿನಬಿಂಬಗಳನ್ನು ಗಮನಿಸಿದರೆ, ಹಲವೆಡೆ ಒಂದು ಕಾಲಿನ ಮೇಲೆ ಮತ್ತೊಂದು ಕಾಲನ್ನಿಟ್ಟ ಅರ್ಧಪರ್ಯಂಕಾಸನವೇ ಕಾಣುತ್ತದೆ. ಮಡಚಲಾರದ ಕಾಲಿನವರಿಗೆ ನಿಂತು ಮಾಡುವ ಕಾಯೋತ್ಸರ್ಗವೂ ಇದೆ.

ಬಸದಿಯ ಟ್ರಸ್ಟಿನವರು ಸಾಮಾಯಿಕದ ಜಾಗದಲ್ಲಿ ಹತ್ತು ದಪ್ಪ ಹತ್ತಿಯ ಆಸನಗಳನ್ನೂ, ಗೋಡೆಗೆ ಸೇರಿಸಿ ನಾಲ್ಕು ಕುರ್ಚಿಗಳನ್ನೂ ಇಡಿಸಿದರೆ ಖರ್ಚು ಅಲ್ಪ. ಆರತಿಗೆ ಗಂಟೆಯಾಯಿತೆಂದು ಹಿರಿಯರನ್ನು ಥಟ್ಟನೆ ಎಬ್ಬಿಸದೆ, ಜೋಮು ಹಿಡಿದ ಕಾಲನ್ನು ಚಾಚಿಕೊಳ್ಳಲು ಎರಡು ನಿಮಿಷ ಬಿಡಬೇಕು.