ಯಾವ ಬ್ಯಾಂಡು ಅದು?

(1/6)

ಫೋಟೋದಲ್ಲಿ ಕಾಣ್ತಿರೋದು ನಮ್ಮನೆ ಬಾಲ್ಕನಿ. ಸಿಂಗಸಂದ್ರ, ಮೂರನೇ ಮಹಡಿ. ಒಂದು ಬಟ್ಟೆ ಸ್ಟ್ಯಾಂಡು, ಒಣಗಿದ ತುಳಸಿ ಕುಂಡ, ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ. ಕುರ್ಚಿ ಕಥೆ ಆರನೇ ಪೋಸ್ಟಲ್ಲಿ ಬರುತ್ತೆ, ಅಲ್ಲೀವರೆಗೆ ತಾಳ್ಮೆ ಇರ್ಲಿ.

ಮೊದಲು ನೀವು ಕೇಳಿದ ವಿಷಯ. ಮಮ್‌ಫೋರ್ಡ್ ಅಂಡ್ ಸನ್ಸ್, ಲುಮಿನಿಯರ್ಸ್, ಫ್ಲೀಟ್ ಫಾಕ್ಸಸ್ ಬಗ್ಗೆ ಬರೆದಾಗೆಲ್ಲ ಇನ್‌ಬಾಕ್ಸ್‌ಗೆ ಒಂದೇ ಪ್ರಶ್ನೆ ಬರುತ್ತೆ: "ಇದೇ ಥರ ಇನ್ನೇನು ಕೇಳ್ಬಹುದು? ನಮ್ಮ ಕಡೆ ಯಾರಾದ್ರೂ ಇದಾರಾ?" ಇದಾರೆ. ಚೆನ್ನಾಗೇ ಇದಾರೆ. ಆದ್ರೆ "ಇದೇ ಥರ" ಅಂದ್ರೆ ಏನು ಅನ್ನೋದು ಮೊದಲು ಇತ್ಯರ್ಥ ಆಗ್ಬೇಕು.

ಆ್ಯಪ್ ಹುಡುಕಿಕೊಡೋ "ಇದೇ ಥರ"ದಲ್ಲಿ ಬ್ಯಾಂಜೋ ಇದ್ರೆ ಇನ್ನೊಂದು ಬ್ಯಾಂಜೋ, ಗಡ್ಡ ಇದ್ರೆ ಇನ್ನೊಂದು ಗಡ್ಡ. ನಾನು ಬೇರೆ ಪ್ರಶ್ನೆ ಕೇಳ್ಕೊಳ್ತೀನಿ: ಈ ಹಾಡು ಬ್ಯಾಂಡಿನ ಕೈಗೆ ಸಿಗೋ ಮುಂಚೆ ಯಾರ ಬಾಯಲ್ಲಿತ್ತು? ಫೋಕ್ ರಾಕ್‌ನಲ್ಲಿ ರಾಕ್ ಯಾರ್ ಬೇಕಾದ್ರೂ ಮಾಡ್ತಾರೆ ಸ್ವಾಮಿ, ಫೋಕ್ ಎಲ್ಲಿಂದ ತಂದ್ರಿ ಅನ್ನೋದೇ ಮಜಾ. ಮಮ್‌ಫೋರ್ಡ್‌ನವರೇ 2010ರಲ್ಲಿ ಲಾರಾ ಮಾರ್ಲಿಂಗ್ ಜೊತೆ ಸೇರ್ಕೊಂಡು, ಧರೋಹರ್ ಪ್ರಾಜೆಕ್ಟ್ ಅನ್ನೋ ಹೆಸರಲ್ಲಿ ರಾಜಸ್ಥಾನದ ಹಾಡುಗಾರರ ಜೊತೆ ನಾಲ್ಕು ಹಾಡಿನ ಒಂದು ಇಪಿ ಮಾಡಿದ್ರು. ಅವರ ದೊಡ್ಡ ಆಲ್ಬಮ್‌ಗಳನ್ನ ನೂರು ಸಲ ಕೇಳಿದವರೂ ಇದನ್ನ ಕೇಳಿರಲ್ಲ. ಮೊದಲು ಅಲ್ಲಿಂದ ಶುರು ಮಾಡಿ. ಆಮೇಲೆ ನಮ್ಮೂರಿಗೆ ಬರೋಣ.

(2/6)

2009. ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದ್ತಿದ್ದೆ. ಹಾಸ್ಟೆಲ್‌ನಲ್ಲಿ ಹಾಡು ಅಂದ್ರೆ ಪೆನ್‌ಡ್ರೈವ್. ಯಾರೋ ಬೆಂಗಳೂರಿಂದ ತಂದಿದ್ದ ಫೋಲ್ಡರ್‌ನಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್‌ನ "ಅಂತರಾಗ್ನಿ" ಇತ್ತು, 2008ರ ಆಲ್ಬಮ್. "ಮೈಸೂರ್ ಸೇ ಆಯಿ" ಎಲ್ರಿಗೂ ಬಾಯಿಪಾಠ. ನನಗೆ ಮಾತ್ರ ಅದರಲ್ಲಿದ್ದ ಗುಡುಗುಡಿ ಹಾಡು ಹುಚ್ಚು ಹಿಡಿಸ್ತು. ಗಿಟಾರು, ವಯಲಿನ್ನು, ಎದೆ ತುಂಬಿ ಹಾಡೋ ದನಿ. ಅಂಥ ಕೂಲ್ ಆದದ್ದು ಕನ್ನಡದಲ್ಲಿ ಆಗೋಕೆ ಸಾಧ್ಯ ಅಂತ ನನಗೆ ಗೊತ್ತೇ ಇರ್ಲಿಲ್ಲ.

ಆ ರಾತ್ರಿ ಮನೆಗೆ ಫೋನ್ ಮಾಡಿ, "ಅಪ್ಪಾ, ಹೊಸಾ ಹಾಡು ಬಂದೈತಿ, ಕೇಳು" ಅಂತ ಮೊಬೈಲನ್ನ ಸ್ಪೀಕರ್ ಹತ್ರ ಹಿಡಿದೆ. ಅರ್ಧ ನಿಮಿಷ ಆಗಿರ್ಬೇಕು. ಆ ಕಡೆಯಿಂದ ಅಪ್ಪ ಹಾಡೋಕೆ ಶುರು ಮಾಡಿದ. ಬೇರೆ ಧಾಟಿ, ಬೇರೆ ಲಯ, ಆದರೆ ಅದೇ ಪದ. ಮುಗಿಸಿ ಹೇಳಿದ್ದಿಷ್ಟು: "ಇದು ನಮ್ಮ ಶರೀಫಜ್ಜನ ಪದ ಅಲ್ಲೇನೋ. ಧಾಟಿ ಬ್ಯಾರೆ ಹಚ್ಯಾನ. ಅಡ್ಡಿಯಿಲ್ಲ, ಚಲೋ ಹಾಡ್ಯಾನ ಹುಡುಗ."

ನಮ್ಮೂರು ಹಾವೇರಿ ಜಿಲ್ಲೆ, ಶಿಗ್ಗಾಂವಿ ತಾಲೂಕು. ಶಿಶುನಾಳ ಶರೀಫರ ಊರು ಇರೋದೂ ಅದೇ ತಾಲೂಕಿನಲ್ಲಿ. ಅಪ್ಪ ಊರಿನ ಭಜನಿ ಮಂಡಳಿಯಲ್ಲಿ ಮೂವತ್ತು ವರ್ಷದಿಂದ ತಾಳ ಹಾಕ್ತಾ ಹಾಡ್ತಿದ್ದ. ನಾನು ಅದೇ ಮನೇಲಿ ಬೆಳೆದೋನು. ಆ ಪದ ನನ್ನ ಕಿವಿ ಮೇಲೆ ಎಷ್ಟು ಸಲ ಬಿದ್ದಿತ್ತೋ. ಆದ್ರೆ ಅದು "ಹಾಡು" ಅಂತ ನನಗೆ ಅನ್ನಿಸಿದ್ದು ಹಾಸ್ಟೆಲ್ ಕಂಪ್ಯೂಟರ್‌ನಲ್ಲಿ ಗಿಟಾರ್ ಜೊತೆ ಬಂದಾಗ.

ಶರೀಫರು (1819–1889) ಯಾಕೆ ಬ್ಯಾಂಡುಗಳಿಗೆ ಇಷ್ಟು ಒಗ್ಗುತ್ತಾರೆ ಅಂತ ಕೇಳಿದ್ರೆ, ನನ್ನ ಊಹೆ ಹೀಗೆ: ಅವರು ಮನೇಲಿ ಬಿದ್ದಿರೋ ಸಾಮಾನನ್ನೇ ಎತ್ಕೊಳ್ತಾರೆ. ಗುಡುಗುಡಿ ಅಂದ್ರೆ ಹುಕ್ಕಾ. ಸೋರೋ ಮಾಳಿಗೆ ಅಂದ್ರೆ ಮಳೆಗಾಲದಲ್ಲಿ ಎಲ್ರ ಮನೆ ಸಮಸ್ಯೆ. ಅದನ್ನ ಹಿಡ್ಕೊಂಡು ದೇಹ, ಮನಸ್ಸು, ಗುರು ಅಂತ ಎಲ್ಲೆಲ್ಲಿಗೋ ಕರ್ಕೊಂಡು ಹೋಗ್ತಾರೆ. ಅರ್ಥ ಗೊತ್ತಾಗದಿದ್ರೂ ಕುಣೀಬಹುದು, ಗೊತ್ತಾದ್ರೆ ಕುಣಿಯೋದು ನಿಲ್ಲಿಸಿ ಕೂತ್ಕೊಬಹುದು. ರಘು ಮುಂದೆ 2013ರ "ಜಗ್ ಚಂಗಾ" ಆಲ್ಬಮ್‌ನಲ್ಲಿ "ಲೋಕದ ಕಾಳಜಿ" ಮಾಡಿದ್ರು, ಅದೂ ಶರೀಫರದ್ದೇ. ಲುಮಿನಿಯರ್ಸ್ ಥರ ಎಲ್ರೂ ಸೇರ್ಕೊಂಡು ಕೂಗೋ ಕೋರಸ್ ಇಷ್ಟ ಇರೋರು ಅಲ್ಲಿಂದ ಶುರು ಮಾಡಿ.

ಇವರಿಗಿಂತ ಮುಂಚೆ ಸಿ. ಅಶ್ವತ್ಥ್ ಇದ್ದರು ಅನ್ನೋದನ್ನ ಮರೀಬೇಡಿ. 1990ರ "ಸಂತ ಶಿಶುನಾಳ ಶರೀಫ" ಸಿನಿಮಾ ಸಂಗೀತ ಅವರದ್ದು. ಬ್ಯಾಂಡ್ ಅನ್ನೋ ಹೆಸರಿರ್ಲಿಲ್ಲ ಅಷ್ಟೇ. ಆ ಗಂಟಲಿನಲ್ಲಿದ್ದ ರಾಕ್ ಎಷ್ಟೋ ಜನರ ಆಂಪ್ಲಿಫೈಯರ್‌ನಲ್ಲೂ ಇಲ್ಲ.

(3/6)

ರಘು ಇಷ್ಟ ಆದ್ರೆ ಮುಂದಿನ ಮನೆ ದೂರ ಇಲ್ಲ, ತಮ್ಮನ ಮನೆ. ವಾಸು ದೀಕ್ಷಿತ್ ಹಾಡೋ ಬೆಂಗಳೂರಿನ ಬ್ಯಾಂಡ್ ಸ್ವರಾತ್ಮ. 2009ರಲ್ಲಿ ಮೊದಲ ಆಲ್ಬಮ್, 2012ರಲ್ಲಿ "ಟೋಪಿವಾಲೆ". ಹಿಂದಿ ಜಾಸ್ತಿ, ಕನ್ನಡ ಕಮ್ಮಿ ಅಂತ ನನಗೆ ಸಣ್ಣ ತಕರಾರು ಇದೆ, ಆದ್ರೂ ಮೊದಲ ಆಲ್ಬಮ್‌ನ "ಈ ಭೂಮಿ" ಕೇಳಿ. ಅದೇ ಆಲ್ಬಮ್‌ನ "ಪ್ಯಾಸಿ" ಹಿಂದಿ ಹಾಡು, ಆದ್ರೆ ಬಾಯಾರಿರೋದು ಕಾವೇರಿ. ಕಾವೇರಿ ಗಲಾಟೆ ಅಂದ್ರೆ ಹೊಸೂರು ರೋಡಲ್ಲಿ ಇರೋ ನಮಗೆ ಬಸ್ ನಿಲ್ಲೋದು, ಆಫೀಸಿಗೆ ರಜಾ, ಅತ್ತಿಬೆಲೆ ಗಡಿಯಲ್ಲಿ ಸಾಲುಗಟ್ಟಿದ ಲಾರಿ. ನದಿಗೂ ದಾಹ ಆಗುತ್ತೆ ಅಂತ ಬರೆದೋರು ಎಷ್ಟು ಜನ?

ಅವರನ್ನ ಲೈವ್ ನೋಡೋದೇ ಸರಿ. ವಾಸು ಸೊಂಟಕ್ಕೆ ಮರಗುದುರೆ ಕಟ್ಕೊಂಡು ಸ್ಟೇಜ್ ತುಂಬ ಕುಣಿದದ್ದುಂಟು, ಥೇಟ್ ಜಾತ್ರೆ. ಬರೀ ಕನ್ನಡ ಬೇಕು ಅನ್ನೋರಿಗೆ ವಾಸು ದೀಕ್ಷಿತ್ ಕಲೆಕ್ಟಿವ್ ಇದೆ.

ಸಿಂಗಸಂದ್ರದಿಂದ ಆರ್.ವಿ. ರೋಡ್‌ವರೆಗೆ ಈಗ ಹಳದಿ ಮೆಟ್ರೋ ಇದೆ, 2025ರ ಆಗಸ್ಟ್‌ನಿಂದ. ಒಂದು ಟ್ರಿಪ್‌ಗೆ ಐದಾರು ಹಾಡು. ಮುಂಚೆ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಎರಡು ಆಲ್ಬಮ್ ಮುಗೀತಿತ್ತು. ಮೆಟ್ರೋ ಬಂದು ನನ್ನ ಸಂಗೀತಾಭ್ಯಾಸಕ್ಕೆ ನಷ್ಟ ಆಗಿದೆ ಅಂದ್ರೆ ಹೆಂಡತಿ ನಗ್ತಾಳೆ.

(4/6)

ಇದು ಚಿಕ್ಕದು.

ನಮ್ಮ ಪಕ್ಕದ ಫ್ಲಾಟಲ್ಲಿ ತ್ರಿಶೂರಿನ ಹುಡುಗ ಇದಾನೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಟೆಸ್ಟಿಂಗ್ ಕೆಲಸ. ನಾನು ಅವನಿಗೆ ಸ್ವರಾತ್ಮ ಕೊಟ್ಟೆ, ಅವನು ನನಗೆ ಅವಿಯಲ್ ಕೊಟ್ಟ. ಮಲಯಾಳಂ ಬ್ಯಾಂಡು, 2008ರ ಆಲ್ಬಮ್, ಅದರ ಹೆಸರೂ "ಅವಿಯಲ್". ಸ್ವಲ್ಪ ಗಡಸು, ಗಿಟಾರ್ ಜೋರು. ಅದು ಸೆಟ್ ಆದ್ರೆ ತೈಕ್ಕುಡಂ ಬ್ರಿಡ್ಜ್. "ಕಾಂತಾರ" ಬಂದಾಗ "ವರಾಹ ರೂಪಂ" ತಮ್ಮ "ನವರಸಂ" ಹಾಡನ್ನ ಹೋಲುತ್ತೆ ಅಂತ ಕೋರ್ಟಿಗೆ ಹೋದವರು ಇವರೇ. ಆ ಜಗಳ ನಮ್ಮ ಲಿಫ್ಟಲ್ಲೂ ಒಂದು ವಾರ ನಡೀತು, ತೀರ್ಪು ಬರ್ಲಿಲ್ಲ.

ಬೆಂಗಳೂರಿನದೇ ಅಗಂ ಕೇಳಿ: ಕರ್ನಾಟಕ ಸಂಗೀತ, ರಾಕ್ ಎರಡೂ. ಹಗಲು ಕಂಪನಿ ಕೆಲಸ, ವೀಕೆಂಡ್ ಸಂಗೀತ ಅಂತ ವರ್ಷಗಟ್ಟಲೆ ನಡೆಸಿದವರು, ಹಾಗಾಗಿ ನಮ್ಮ ಕಡೆಯವರಿಗೆ ಅವರ ಮೇಲೆ ವಿಶೇಷ ಪ್ರೀತಿ. ಮತ್ತೆ ಇವರೆಲ್ಲರ ದೊಡ್ಡಣ್ಣ, ದಿಲ್ಲಿಯ ಇಂಡಿಯನ್ ಓಷನ್. 2000ದ "ಕಂದೀಸ". ಅದರ ಟೈಟಲ್ ಹಾಡು ಕೇರಳದ ಸಿರಿಯನ್ ಕ್ರೈಸ್ತರ ಹಳೇ ಪ್ರಾರ್ಥನೆ. ಒಂದಕ್ಷರ ಅರ್ಥ ಆಗಲ್ಲ. ಆಗ್ಬೇಕಾಗೂ ಇಲ್ಲ.

(5/6)

ಇನ್ನು ಸದ್ದು ಕಮ್ಮಿ ಇರೋ ಕಡೆಗೆ. ಬಾನ್ ಐವರ್ ಕೇಳಿ ರಾತ್ರಿ ಹನ್ನೊಂದಕ್ಕೆ ಗೋಡೆ ನೋಡ್ತಾ ಕೂರೋರು ಇಲ್ಲಿ ಬನ್ನಿ.

ಬಿಂದುಮಾಲಿನಿ. "ನಾತಿಚರಾಮಿ" ಸಿನಿಮಾದ "ಮಾಯಾವಿ ಮನವೆ" ಹಾಡಿಗೆ ರಾಷ್ಟ್ರಪ್ರಶಸ್ತಿ ಬಂತು, ನಿಮಗೆ ಗೊತ್ತಿರುತ್ತೆ. ಅದಕ್ಕಿಂತ ಮುಂಚೆ ವೇದಾಂತ್ ಭಾರದ್ವಾಜ್ ಜೊತೆ "ಸುನೋ ಭಾಯಿ" ಅಂತ ಒಂದು ಆಲ್ಬಮ್ ಮಾಡಿದ್ರು, ಕಬೀರನದ್ದು.  ಆ ದಾರಿ ಹಿಡಿದ್ರೆ ಬೆಂಗಳೂರಿನಿಂದಲೇ ಶುರುವಾದ ಶಬನಮ್ ವಿರ್ಮಾನಿಯವರ ಕಬೀರ್ ಪ್ರಾಜೆಕ್ಟ್ ಸಿಗುತ್ತೆ, ಇನ್ನೂ ಹಿಂದೆ ಹೋದ್ರೆ ಕುಮಾರ ಗಂಧರ್ವರು ಸಿಗ್ತಾರೆ. ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ ಹುಟ್ಟಿದ ಮನುಷ್ಯ, ಮಾಳವಾಕ್ಕೆ ಹೋಗಿ ಕಬೀರನನ್ನ ಹಾಡಿದ್ರು.

ಆಮೇಲೆ ಶಿಲ್ಪಾ ಮುಡಬಿ. ಕಲಬುರಗಿ ಕಡೆಯವರು, ಅರ್ಬನ್ ಫೋಕ್ ಪ್ರಾಜೆಕ್ಟ್ ನಡೆಸ್ತಾರೆ. ಎಲ್ಲಮ್ಮನ ಹಾಡುಗಳನ್ನ ಜೋಗತಿಯರ ಹತ್ರಾನೇ ಕಲಿತು ಚೌಡಿಕೆ ಹಿಡ್ಕೊಂಡು ಹಾಡ್ತಾರೆ. ಮೊದಲ ಸಲ ಕೇಳಿದಾಗ "ಇದರಲ್ಲಿ ರಾಕ್ ಎಲ್ಲಿದೆ?" ಅಂತ ಅನ್ಸುತ್ತೆ. ಚೌಡಿಕೆ ತಂತಿ ಮೀಟೋ ಜೋರು ಗಮನಿಸಿ, ಉತ್ತರ ಸಿಗುತ್ತೆ. ನನಗೆ ಇವರ ಬಗ್ಗೆ ಗೌರವ ಜಾಸ್ತಿ ಯಾಕಂದ್ರೆ ಹಾಡು ಯಾರಿಂದ ಬಂತು ಅನ್ನೋದನ್ನ ಮುಚ್ಚಿಡಲ್ಲ. ಕಲಿಸಿದವರ ಜೊತೆಗೇ ಹಾಡ್ತಾರೆ.

ನಿಮ್ಮ ಲಿಸ್ಟಲ್ಲಿ ಯಾರಿದಾರೆ ಕಾಮೆಂಟಲ್ಲಿ ಹಾಕಿ. ಬ್ಯಾಂಡೇ ಆಗ್ಬೇಕಂತಿಲ್ಲ.

(6/6)

ಈಗ ಕುರ್ಚಿ.

ಹೋದ ವರ್ಷ ಅಪ್ಪ ಕಣ್ಣಿನ ಪೊರೆ ಆಪರೇಷನ್‌ಗೆ ಬಂದು ನಮ್ಮನೇಲಿ ಮೂರು ವಾರ ಇದ್ದ. ಟಿವಿ ನೋಡೋ ಹಾಗಿಲ್ಲ, ಮೊಬೈಲ್ ನೋಡೋ ಹಾಗಿಲ್ಲ. ಕಪ್ಪು ಕನ್ನಡಕ ಹಾಕ್ಕೊಂಡು ಬಾಲ್ಕನಿಯಲ್ಲಿ ಆ ನೀಲಿ ಕುರ್ಚಿ ಮೇಲೆ ಕೂರೋದು. ಊರಿನ ಅಭ್ಯಾಸ, ಬೆಳಗಿನ ಐದಕ್ಕೇ ಏಳ್ತಿದ್ದ. ಎದ್ದೋನು ತೊಡೆ ಮೇಲೆ ತಾಳ ಹಾಕ್ತಾ ಪದ ಹೇಳ್ತಿದ್ದ. ಜೋರಾಗೇನಲ್ಲ. ಆದ್ರೆ ಐದು ಗಂಟೆಗೆ ಸಿಂಗಸಂದ್ರದಲ್ಲೂ ಸದ್ದು ಇರಲ್ಲ ನೋಡಿ, ಹೊಸೂರು ರೋಡಿನ ಲಾರಿ ಬಿಟ್ರೆ.

ನಾಲ್ಕನೇ ದಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಮೆಸೇಜು: ಬೆಳಗಿನ ಜಾವ ಮ್ಯೂಸಿಕ್ ಹಾಕೋರು ದಯವಿಟ್ಟು ವಾಲ್ಯೂಮ್ ಕಮ್ಮಿ ಮಾಡಿ, ನೈಟ್ ಶಿಫ್ಟ್ ಮುಗಿಸಿ ಬಂದೋರು ಮಲಗಿರ್ತಾರೆ. ಹೆಸರು ಹಾಕಿರ್ಲಿಲ್ಲ. ನನಗೆ ಮುಖ ಕೆಂಪಾಯ್ತು. ಅಪ್ಪನ ಹತ್ರ ಹೋಗಿ, "ಅಪ್ಪಾ, ಸ್ವಲ್ಪ ಸಣ್ಣಗ ಹಾಡು. ಇಲ್ಲೆ ಊರ ಹಂಗಲ್ಲ, ಮಂದಿ ಏನಂತಾರ" ಅಂದೆ. ನೈಟ್ ಶಿಫ್ಟ್ ಬಗ್ಗೆ ಹೇಳಬಹುದಿತ್ತು. ಅದು ನ್ಯಾಯವಾದ ಕಾರಣ. ಆದ್ರೆ ನನ್ನ ಬಾಯಲ್ಲಿ ಬಂದದ್ದು "ಮಂದಿ ಏನಂತಾರ".

"ಆತು ಬಿಡಪಾ" ಅಂದ. ಮಾರನೇ ದಿನದಿಂದ ಕುರ್ಚಿ ಮೇಲೆ ಕೂತ, ತಾಳ ಹಾಕಿದ, ಹಾಡ್ಲಿಲ್ಲ. ಬೆರಳು ಮಾತ್ರ ಆಡ್ತಿತ್ತು.

ಒಂದು ವಾರ ಆದ್ಮೇಲೆ ಲಿಫ್ಟಲ್ಲಿ ತ್ರಿಶೂರಿನ ಹುಡುಗ ಸಿಕ್ಕ. "ಅಣ್ಣಾ, ಮಾರ್ನಿಂಗ್ ಆ ಸಾಂಗ್ ಈಗ ಹಾಕಲ್ವಾ? ನಾನು ಅದು ಕೇಳಿ ಏಳ್ತಾ ಇದ್ದೆ. ಗೂಗಲ್‌ನಲ್ಲಿ ಹುಡುಕಿದೆ, ಸಿಗ್ಲಿಲ್ಲ. ಯಾವ ಬ್ಯಾಂಡು ಅದು?"

ಹಳೇ ರೆಕಾರ್ಡಿಂಗ್ ಅಂದ್ಕೊಂಡಿದ್ದ. ಫೋನಲ್ಲಿ ಇಪ್ಪತ್ತು ಸೆಕೆಂಡು ಹಿಡಿದಿಟ್ಕೊಂಡಿದ್ದ, ಗೋಡೆ ಆಚೆಯಿಂದ. ಹಾಕಿ ತೋರಿಸ್ದ. ಲಾರಿ ಹಾರ್ನು, ಕಾಗೆ, ಅದರ ಹಿಂದೆ ನಮ್ಮಪ್ಪ. ಮೂವತ್ತು ವರ್ಷ ಹಾಡಿದ ಮನುಷ್ಯನ ದನಿ ರೆಕಾರ್ಡ್ ಆಗಿದ್ದು ಅದೊಂದೇ. ನನ್ನ ಫೋನಲ್ಲಿ ಆಗ ಹನ್ನೊಂದು ಸಾವಿರ ಫೋಟೋ ಇದ್ವು. ಮಾಡಿದ ಪ್ಲೇಲಿಸ್ಟ್ ಎಷ್ಟು ಅಂತ ಲೆಕ್ಕ ಇಟ್ಟಿಲ್ಲ.

ಅದು ಬ್ಯಾಂಡ್ ಅಲ್ಲ, ನಮ್ಮಪ್ಪ ಅಂತ ಹೇಳೋಕೆ ಲಿಫ್ಟ್ ನೆಲಮಹಡಿ ಮುಟ್ಟೋವರೆಗೂ ಆಗ್ಲಿಲ್ಲ ನನಗೆ. ಸಂಜೆ ಅವನನ್ನ ಮನೆಗೆ ಕರೆದು ಪರಿಚಯ ಮಾಡಿಸ್ದೆ. "ಅಂಕಲ್, ಒಂದು ಸಾಂಗ್" ಅಂತ ಅವನು ಕೇಳೇ ಬಿಟ್ಟ. ಅಪ್ಪ ನಕ್ಕ. "ಈಗ ಬ್ಯಾಡ ತಮ್ಮಾ, ಮಂದಿಗೆ ತ್ರಾಸ ಆಕ್ಕೈತಿ" ಅಂದು ನನ್ನ ಕಡೆ ನೋಡ್ಲಿಲ್ಲ. ನಾನೂ ಆಮೇಲೆ ಎರಡು ಸಲ ಕೇಳ್ದೆ. ಹಾಡದೇ ಊರಿಗೆ ಹೋದ.

ಮಂಡಳಿಯಲ್ಲಿ ಮುಂಚೆ ಹದಿನಾಲ್ಕು ಜನ ಇದ್ರು, ಈಗ ಐದು. ಅದರಲ್ಲಿ ಎಲ್ಲರಿಗಿಂತ ಚಿಕ್ಕೋರಿಗೆ ಐವತ್ತೆಂಟು. ಶ್ರಾವಣದಲ್ಲಿ ಮಾತ್ರ ದಿನಾ ರಾತ್ರಿ ಗುಡಿಯಲ್ಲಿ ಕೂರ್ತಾರೆ. ಮೊನ್ನೆ ಫೋನ್ ಮಾಡಿ, ಈ ಸಲ ಶ್ರಾವಣಕ್ಕೆ ಬರ್ತೀನಿ, ರೆಕಾರ್ಡ್ ಮಾಡ್ಕೊಳ್ಳಲಾ ಅಂತ ಕೇಳ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ರೆಕಾರ್ಡ ಆಮ್ಯಾಲ ಮಾಡ್ಕೊಳ್ಳುವಂತಿ. ಮೊದಲ ಬಂದು ತಾಳ ಹಿಡಿ, ಮಂದಿ ಕಡಿಮಿ ಅದಾರ. ಆ ಕೇರಳದ ಹುಡುಗನ್ನೂ ಕರ್ಕೊಂಡ ಬಾ. ಪೆಟಿಗಿ ಎರಡ ಸ್ವರ ಕೂಡಂಗಿಲ್ಲ, ರಿಪೇರಿಗೆ ಕೊಟ್ಟೇವಿ."

ಪೆಟಿಗಿ ಅಂದ್ರೆ ಹಾರ್ಮೋನಿಯಂ. ಹಾವೇರಿಗೆ ಎರಡು ಸೀಟು ಬುಕ್ ಮಾಡಿದೀನಿ. ಪಕ್ಕದ ಮನೆಯೋನು ಗುಡುಗುಡಿ ಪದ ಕಲೀತಿದಾನೆ, ರಘು ದೀಕ್ಷಿತ್ ಧಾಟಿಯಲ್ಲಿ. ನಾನು ಆ ಇಪ್ಪತ್ತು ಸೆಕೆಂಡಿನ ಆಡಿಯೋ ಹಾಕ್ಕೊಂಡು ಮೆಟ್ರೋದಲ್ಲಿ ತೊಡೆ ಮೇಲೆ ತಾಳ ಹಾಕೋದು ಕಲೀತಿದೀನಿ. ಇನ್ನೂ ತಪ್ತಿದೆ.