ಕಾವೇರಿಗೆ ಉಪ್ಪು ಬೆರೆಸುವ ಭಾನುವಾರ

"ಪ್ಯಾಂಟ್ ಯಾಕೋ ಮಡಚಿದ್ದೀಯ? ಇಳಿಸು, ಇಳಿಸು," ಅನ್ನುತ್ತಾರೆ ಭಾವ, ಬಾಗಿಲು ತೆಗೆದವರೇ.

ಭಾನುವಾರ, ಬೆಳಗ್ಗೆ ಏಳೂವರೆ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಚಪ್ಪಲಿ ಹೊರಗೇ ಬಿಟ್ಟು ನೀವೂ ನನ್ನ ಹಿಂದೆ ಬನ್ನಿ. ಹಾಲಿನ ಪರದೆ ಇನ್ನೂ ಸರಿಸಿಲ್ಲ. ಮೂಲೆಯಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಅದರ ಮೇಲಿನ ನೀಲಿ ದೀಪ, ಬಂಡೆಯ ಸಂದಿನಲ್ಲಿ ಎರಡು ಕಿತ್ತಳೆ ಬಣ್ಣದ ಕ್ಲೌನ್ ಮೀನು. ಅಡುಗೆಮನೆಯಲ್ಲಿ ಅಕ್ಕ ಒಗ್ಗರಣೆ ಹಾಕುತ್ತಿದ್ದಾಳೆ. ಸಾಸಿವೆ ಸಿಡಿಯುವ ಘಮದ ನಡುವೆಯೂ ತೊಟ್ಟಿಯ ಹತ್ತಿರ ಹೋದರೆ ತೆಳ್ಳಗೆ ಕಡಲ ವಾಸನೆ. ನಿಜವಾದ ಕಡಲು ಇಲ್ಲಿಂದ 350 ಕಿಲೋಮೀಟರ್ ಆಚೆ, ಮಂಗಳೂರಿನಲ್ಲಿದೆ.

ಪ್ಯಾಂಟ್ ಮಡಚಿದ್ದು ಹಳೆಯ ಅಭ್ಯಾಸ. ಈ ಮನೆಯಲ್ಲಿ 'ನೀರು ಬದಲಿಸೋದು' ಎಂದರೆ ನನಗೆ ಫೋನ್ ಬರುತ್ತಿತ್ತು. ಎಂಟು ಬಕೆಟ್: ನಾಲ್ಕು ಆಚೆಗೆ, ನಾಲ್ಕು ಒಳಗೆ. ಒಂದೊಂದರಲ್ಲೂ 20 ಲೀಟರ್, ಅಂದರೆ 20 ಕಿಲೋಗೂ ಚೂರು ಹೆಚ್ಚು. ಬಾತ್‌ರೂಮಿನಿಂದ ಹಾಲ್‌ವರೆಗೆ ಉಪ್ಪುನೀರಿನ ಗೆರೆ, ಅದರ ಹಿಂದೆ ನೆಲ ಒರೆಸುವ ಬಟ್ಟೆ ಹಿಡಿದ ಅಕ್ಕ, ಅವಳ ಹಿಂದೆ ಅವಳ ಬೈಗುಳ. ಹಳೇ ನೀರು ಇಳಿಸಲು ಪೈಪನ್ನು ಬಾಯಲ್ಲಿಟ್ಟು ಎಳೆಯುವ ಕೆಲಸ ಭಾವನದು; ಪ್ರತಿ ಸಲವೂ ಒಂದು ಗುಟುಕು ಗಂಟಲಿಗೆ. ಹೀಗಿದ್ದಾಗ ಯಾರಿಗೆ ಉಮೇದು ಬರುತ್ತದೆ? ವಾರದ ಕೆಲಸ ತಿಂಗಳಿಗೊಮ್ಮೆ ಆಯಿತು, ತಿಂಗಳದ್ದು ಮೂರು ತಿಂಗಳಿಗೊಮ್ಮೆ. ಆಮೇಲೆ ಗಾಜಿನ ಮೇಲೆ ಕಂದು ಪಾಚಿ.

ಈಗ ಯುಟಿಲಿಟಿಗೆ ಬನ್ನಿ. ವಾಷಿಂಗ್ ಮೆಷಿನ್ ಪಕ್ಕ ಮುಚ್ಚಳವಿರುವ ನೀಲಿ ಡ್ರಮ್, 100 ಲೀಟರಿನದು. ಅದರ ಮೇಲ್ಗಡೆ ಗೋಡೆಗೆ ನಾಲ್ಕು ಉದ್ದನೆಯ ಫಿಲ್ಟರ್ ಕೊಳವೆಗಳು: ಕೆಸರಿಗೆ ಒಂದು, ಕ್ಲೋರಿನ್ನಿಗೆ ಇದ್ದಿಲಿನದು ಒಂದು, ಆಮೇಲೆ ಆರ್‌ಓ ಪೊರೆ, ಕೊನೆಗೆ ಬಣ್ಣ ಬದಲಿಸುವ ರೆಸಿನ್. ಕುಡಿಯುವ ನೀರಿನ ಆರ್‌ಓ ಯಂತ್ರದಿಂದಲೇ ಹಿಡಿದರಾಗದೇ ಎಂದು ನಾನೂ ಒಮ್ಮೆ ಕೇಳಿದ್ದೆ. ಆಗದು. ಅವುಗಳಲ್ಲಿ ಬಹಳಷ್ಟು ಬಾಯಿಗೆ ರುಚಿಸಲೆಂದು ಒಂದಿಷ್ಟು ಖನಿಜವನ್ನು ನೀರಿನಲ್ಲಿ ಬೇಕೆಂದೇ ಉಳಿಸುತ್ತವೆ. ಇಲ್ಲಿ ಬೇಕಾದ್ದು ಏನೂ ಇಲ್ಲದ ನೀರು. ಭಾವ ಟಿಡಿಎಸ್ ಮೀಟರ್ ಅದ್ದುತ್ತಾರೆ. 0.

"ಗಂಟೆಗೆ ಹತ್ತು ಹನ್ನೆರಡು ಲೀಟರ್ ಅಷ್ಟೇ ಬರೋದು. ಅದಕ್ಕೆ ಶುಕ್ರವಾರ ರಾತ್ರಿ ನಲ್ಲಿ ತಿರುಗಿಸಿ ಮಲಗಿಬಿಡ್ತೀನಿ," ಅನ್ನುತ್ತಾರೆ. ಡ್ರಮ್ಮಿನೊಳಗೆ ಅರ್ಧ ಎತ್ತರದಲ್ಲಿ ಪುಟ್ಟ ಬಾಲ್‌ಕಾಕ್. ನಿಮ್ಮ ಮನೆಯ ಮೇಲಿನ ಟ್ಯಾಂಕಿನಲ್ಲಿರುವುದೇ, ಬೆರಳ ಗಾತ್ರದ್ದು. 50 ಲೀಟರ್ ಆದ ಕೂಡಲೇ ಅದೇ ನೀರು ನಿಲ್ಲಿಸುತ್ತದೆ.

ಈ ಕಾವೇರಿ ನೀರು ಇಲ್ಲಿಗೆ ಬಂದ ದಾರಿಯೂ ಸಣ್ಣದಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್, ನಡುವೆ ಪಂಪುಗಳು ಅದನ್ನು ಅರ್ಧ ಕಿಲೋಮೀಟರಿನಷ್ಟು ಮೇಲಕ್ಕೆತ್ತಬೇಕು. "ಪೂಂಪುಹಾರಿಗೆ ಹೋಗಿ ಸಮುದ್ರ ಸೇರಬೇಕಾದ ಕಾವೇರಿಗೆ ನಮ್ಮನೆ ಯುಟಿಲಿಟಿಯಲ್ಲೇ ಮುಕ್ತಿ," ಎಂದು ಅಕ್ಕ ಅಡುಗೆಮನೆಯಿಂದಲೇ ಕೂಗುತ್ತಾಳೆ.

ಮುಕ್ತಿ ಕೊಡಿಸುವ ಉಪ್ಪು ಅಡುಗೆಯದಲ್ಲ. ಅಡುಗೆ ಉಪ್ಪಿನಲ್ಲಿರುವುದು ಹೆಚ್ಚುಕಡಿಮೆ ಸೋಡಿಯಂ ಕ್ಲೋರೈಡ್ ಒಂದೇ. ಕಡಲಿನ ಒಂದು ಲೀಟರಿನಲ್ಲಿ ಸುಮಾರು 1,300 ಮಿಲಿಗ್ರಾಂ ಮೆಗ್ನೀಶಿಯಂ, 400ರ ಮೇಲೆ ಕ್ಯಾಲ್ಸಿಯಂ ಕೂಡ ಇರಬೇಕು. ಅದೆಲ್ಲ ಬೆರೆಸಿದ ಪುಡಿಯನ್ನು ಭಾವ ನಿನ್ನೆ ಬೆಳಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ 1,850 ಗ್ರಾಂ ತೂಗಿ, ಒಳಗೊಂದು ಪುಟ್ಟ ಪಂಪ್ ತಿರುಗುತ್ತಿರುವಾಗ ಹಿಡಿಹಿಡಿಯಾಗಿ ನೀರಿಗೆ ಸುರಿದಿದ್ದಾರೆ. ನೀರಿಗೆ ಉಪ್ಪು, ಉಪ್ಪಿಗೆ ನೀರಲ್ಲ. ತಳದಲ್ಲಿ ಉಪ್ಪಿನ ರಾಶಿ ಹಾಕಿ ಮೇಲೆ ನೀರು ಬಿಟ್ಟರೆ ಕ್ಯಾಲ್ಸಿಯಂ ಸುಣ್ಣವಾಗಿ ಕೂತು, ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಒಂದು ಸಲ ಹಾಗೆ ಮಾಡಿ ಇಡೀ ಡ್ರಮ್ ಚೆಲ್ಲಿದ್ದರು. ಅವತ್ತು ಅಕ್ಕ ಏನೂ ಅನ್ನಲಿಲ್ಲ. ಭಾವನಿಗೆ ಅದೇ ಹೆಚ್ಚು ನೋವಾಯಿತು ಅನ್ನಿಸುತ್ತದೆ.

ಮುಚ್ಚಳ ತೆಗೆಯುತ್ತಾರೆ. ಇಣುಕಿ ನೋಡಿ, ತಳ ಕಾಣುವಷ್ಟು ತಿಳಿ. ರಾತ್ರಿಯಿಡೀ ಹೀಟರ್ ಇದ್ದುದರಿಂದ ಕೈಗೆ ಬಿಸಿಯೂ ಅಲ್ಲ, ತಣ್ಣಗೂ ಇಲ್ಲ. ಥರ್ಮಾಮೀಟರಿನಲ್ಲಿ 26, ಹಾಲಿನ ತೊಟ್ಟಿಯಲ್ಲೂ 26. ರಿಫ್ರಾಕ್ಟೋಮೀಟರಿನ ಗಾಜಿಗೆ ಎರಡು ಹನಿ ಹಾಕಿ ನನ್ನ ಕೈಗೆ ಕೊಡುತ್ತಾರೆ. ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತೇನೆ: ಮೇಲೆ ನೀಲಿ, ಕೆಳಗೆ ಬಿಳಿ, ನಡುವಿನ ಗೆರೆ ಸರಿಯಾಗಿ 35ರ ಮೇಲೆ. ಲೀಟರಿಗೆ ಹತ್ತಿರ ಹತ್ತಿರ 35 ಗ್ರಾಂ ಲವಣ.

"ಸರಿ. ಈಗ ಸ್ವಿಚ್ಚು."

ತೊಟ್ಟಿಯ ಕೆಳಗಿನ ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತೇವೆ. ಒಳಗೆ ಇನ್ನೊಂದು ಸಣ್ಣ ತೊಟ್ಟಿ. ಈ ಹವ್ಯಾಸದವರು ಅದನ್ನೂ ಸಂಪ್ ಅನ್ನುತ್ತಾರೆ. ನಮ್ಮೂರಲ್ಲಿ ಸಂಪ್ ಎಂದರೆ ಮನೆ ಮುಂದೆ ನೆಲದಡಿ ಇರುವುದು, ಟ್ಯಾಂಕರಿನವನು ಪೈಪ್ ಇಳಿಸುವುದು. ಮೇಲಿನ ತೊಟ್ಟಿಯಿಂದ ನೀರು ಇಲ್ಲಿಗೆ ಬೀಳುತ್ತದೆ, ಪಂಪ್ ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಎರಡೂ ಸೇರಿ 240 ಲೀಟರ್.

ಭಾವ ಮೂರು ಸ್ವಿಚ್ ಆರಿಸುತ್ತಾರೆ, ಒಂದೊಂದರ ಹೆಸರು ಹೇಳಿ, ಮಂತ್ರದಂತೆ. ಹೀಟರ್: ನೀರಿಳಿದು ಅದು ಗಾಳಿಗೆ ಬಂದರೆ ಗಾಜು ಸಿಡಿಯುತ್ತದೆ. ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಸ್ಕಿಮ್ಮರ್. ಮೂರನೆಯದು ಟಾಪ್‌ಅಪ್, ಅದಕ್ಕೆ ಕೆಂಪು ಸ್ಟಿಕರ್ ಅಂಟಿಸಿದ್ದಾರೆ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಹಿಂದೆಯೇ ಉಳಿಯುತ್ತದೆ. ಹಾಗಾಗಿ ಮಟ್ಟ ಇಳಿದಷ್ಟೂ ಸಿಹಿನೀರು ಸುರಿಯುವುದು ಈ ಯಂತ್ರದ ಕೆಲಸ. ಪಾಪ, ಮಟ್ಟ ಯಾಕೆ ಇಳಿಯಿತು ಎಂಬುದು ಅದಕ್ಕೇನು ಗೊತ್ತು? ಕಳೆದ ವರ್ಷ ಇದನ್ನು ಆರಿಸಲು ಮರೆತು ಭಾವ ಹಳೇ ನೀರು ಬಿಟ್ಟರು, ಅದು ಪ್ರಾಮಾಣಿಕವಾಗಿ ಹತ್ತು ಹನ್ನೆರಡು ಲೀಟರ್ ಸಿಹಿನೀರು ತುಂಬಿಸಿತು. 35 ಇದ್ದದ್ದು 33ರ ಹತ್ತಿರಕ್ಕಿಳಿಯಿತು. ಮೀನುಗಳಿಗೆ ಏನೂ ಆಗಲಿಲ್ಲ. ಸೀಗಡಿ ಮಾತ್ರ ಎರಡು ದಿನ ಬಂಡೆಯ ಹಿಂದಿನಿಂದ ಬರಲೇ ಇಲ್ಲ. ಆವಿಯಾದಷ್ಟಕ್ಕೆ ಸಿಹಿನೀರಿನ ಬದಲು ಉಪ್ಪುನೀರು ಹಾಕುತ್ತಾ ನಿಧಾನವಾಗಿ ಮೇಲೆ ತಂದರು. ಆಮೇಲೆ ಬಂದದ್ದು ಈ ಸ್ಟಿಕರ್.

ಈಗ ಒಂದು ಪೈಪ್ ನನ್ನ ಕೈಗೆ. ಇನ್ನೊಂದು ತುದಿ ಬಾತ್‌ರೂಮಿನ ಜಾಲರಿಯ ಮೇಲೆ, ಕ್ಲಿಪ್ ಹಾಕಿ ಕೂರಿಸಿದೆ. ಇತ್ತಲ ತುದಿಯನ್ನು ಭಾವ ಪಂಪಿನಿಂದ ಮೇಲೆ ಹೋಗುವ ಕೊಳವೆಗೆ ಸೇರಿಸುತ್ತಾರೆ. ಅಲ್ಲೊಂದು 'ಟಿ' ಹಾಕಿಸಿ ವಾಲ್ವ್ ಕೂರಿಸಿದ್ದಾರೆ. ಪ್ಲಂಬರ್ ಅರ್ಧ ಗಂಟೆಯಲ್ಲಿ ಮಾಡಿಕೊಟ್ಟ ಕೆಲಸ. ನನ್ನ ಬೆನ್ನು ಉಳಿಸಿದ್ದು ಅದೊಂದೇ.

"ತಿರುಗಿಸು."

ಕಾಲು ಸುತ್ತು. ಪೈಪ್ ಹಾವಿನ ಹಾಗೆ ಒಮ್ಮೆ ಮಿಸುಕುತ್ತದೆ, ಬಾತ್‌ರೂಮಿನಲ್ಲಿ ಜುಳುಜುಳು. ಬಾಯಿ ಹಚ್ಚಲಿಲ್ಲ, ಹನಿ ಚೆಲ್ಲಲಿಲ್ಲ. ಸಂಪಿನ ಗಾಜಿಗೆ ಎರಡು ಟೇಪ್ ಅಂಟಿಸಿದೆ. ಮೇಲಿನ ಹಸಿರಿನಿಂದ ಕೆಳಗಿನ ಕೆಂಪಿನವರೆಗೆ ಸರಿಯಾಗಿ 24 ಲೀಟರ್. ಬಕೆಟ್ಟಿನಲ್ಲಿ ಒಂದೇ ಒಂದು ಸಲ ಅಳೆದು ಗುರುತು ಹಾಕಿದ್ದು. ಮರಳಿನಲ್ಲಿ ಸಿಕ್ಕಿದ ಕೊಳೆ ಇದರಿಂದ ಹೋಗುವುದಿಲ್ಲ, ಅದನ್ನು ತಿಂಗಳಿಗೊಮ್ಮೆ ಕೈಯಲ್ಲೇ ಎಳೆಯಬೇಕು.

ನೀರಿಳಿಯುವವರೆಗೆ ಭಾವ ಹಳೇ ಕರೆಂಟ್ ಬಿಲ್ಲಿನ ಹಿಂದೆ ಲೆಕ್ಕ ಬರೆಯುತ್ತಾರೆ. ಬ್ಯಾಂಕಿನಲ್ಲಿ ಇದ್ದವರು, ಬಿಡುವುದಿಲ್ಲ. ಕೊಳೆಯಿಂದ ನೀರಿಗೆ ಸೇರುವ ನೈಟ್ರೇಟ್ 40 ಇದೆ ಅನ್ನು. ನೂರಕ್ಕೆ ಹತ್ತು ನೀರು ಬದಲಿಸಿದರೆ ಎಷ್ಟಾಗುತ್ತೆ? 36, ಅಷ್ಟೇ. ಮೂವತ್ತು ಬದಲಿಸಿದರೆ 28. "ಈಗ ನೋಡು, ದಿನಕ್ಕೆ ನೂರಕ್ಕೆ ಒಂದೇ ಒಂದರಂತೆ ಮೂವತ್ತು ದಿನ ಬದಲಿಸಿದೆ ಅನ್ಕೋ. ಇಪ್ಪತ್ತೊಂಬತ್ತೂವರೆ ಚಿಲ್ಲರೆ! ಚಕ್ರಬಡ್ಡೀನ ತಲೆಕೆಳಗೆ ಮಾಡಿದ ಹಾಗೆ." ಇದರ ಮೇಲೆ ದಿನದಿನ ಸೇರುವ ಹೊಸ ಕೊಳೆ ಬೇರೆ, ಅದು ಈ ಲೆಕ್ಕದಲ್ಲಿಲ್ಲ. ಹೇಗಿದ್ದರೂ ಒಂದೇ ಏಟಿಗೆ ಬೆನ್ನು ಮುರಿದುಕೊಂಡು ಗಳಿಸುವುದು ಒಂದೂವರೆ ಅಂಶ.

"ಹಾಗಾದರೆ ದಿನಾ ಅದೇ ಮಾಡುವ ಎರಡು ತಲೆಯ ಪಂಪ್ ತಂದಿದ್ದಿರಲ್ಲ ಭಾವ, ಅದೇನಾಯ್ತು?"

ಅಟ್ಟದ ಕಡೆ ಬೊಟ್ಟು ಮಾಡುತ್ತಾರೆ. ಒಂದು ತಲೆ ಹಳೆಯದನ್ನು ಎಳೆಯುತ್ತದೆ, ಇನ್ನೊಂದು ಅಷ್ಟೇ ಹೊಸದನ್ನು ತಳ್ಳುತ್ತದೆ, ಮನುಷ್ಯರು ಬೇಕಿಲ್ಲ. ಆದರೆ ಒಳಗಿನ ರಬ್ಬರ್ ನಳಿಕೆಗಳು ಸವೆಯುತ್ತವೆ, ಎರಡೂ ಒಂದೇ ಸಮ ಸವೆಯಬೇಕೆಂದಿಲ್ಲ. ದಿನಕ್ಕೆ ನಾಲ್ಕು ಚಮಚ ಹೆಚ್ಚುಕಮ್ಮಿಯಾದರೂ ಉಪ್ಪಿನ ಮಟ್ಟ ಗೊತ್ತಾಗದಂತೆ ಜಾರುತ್ತಾ ಹೋಗುತ್ತದೆ. ಆಗಾಗ ಅಳೆದು ಸರಿಪಡಿಸುವವರಿಗೆ ಅದು ಒಳ್ಳೆಯದೇ. ಭಾವನ ನಿಜವಾದ ಕಾರಣ ಬೇರೆ ಎಂದು ನನ್ನ ಅನುಮಾನ: ಭಾನುವಾರ ಈ ಕಪಾಟಿನ ಮುಂದೆ ಕೂರಲು ಅವರಿಗೊಂದು ನೆಪ ಬೇಕು.

ಕೆಂಪು ಟೇಪ್. ವಾಲ್ವ್ ಮುಚ್ಚು.

ಅಷ್ಟರಲ್ಲಿ ಮೇಲಿನ ತೊಟ್ಟಿಗೆ ಕೈ ಹಾಕಿ ನೋಡಿ, ಸೋಪಿಲ್ಲದ ಕೈ ಇರಲಿ. ಅಲ್ಲಾಡಿಸಬೇಡಿ. ಬಂಡೆಯ ಹಿಂದಿನಿಂದ ಬಿಳಿ ಮೀಸೆ ಮೊದಲು, ಆಮೇಲೆ ಬೆನ್ನಿನ ಕೆಂಪು ಪಟ್ಟೆ. ಅದೇ ಸೀಗಡಿ. ಬೆರಳೇರಿ ಉಗುರಿನ ಅಂಚನ್ನು ಕೆರೆಯುತ್ತದೆ, ಮೀನಿನ ಮೈ ಶುಚಿ ಮಾಡುವಂತೆಯೇ. ಕಚಗುಳಿ. ಬಂಡೆಗಳು ನಿಜವಾದ ಹವಳದವಲ್ಲ, ಸಿಮೆಂಟಿನಲ್ಲಿ ಅಚ್ಚು ಹಾಕಿದವು. ನಮ್ಮ ಸಮುದ್ರದ ಬಂಡೆ ಹವಳಗಳು 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯ ಜೊತೆಗೇ ಮೊದಲ ಪಟ್ಟಿಯಲ್ಲಿವೆ, ಮಾರುವುದೂ ಕೊಳ್ಳುವುದೂ ಅಪರಾಧ. ಅಂಗಡಿಯಲ್ಲಿ ಯಾರಾದರೂ ಮೆಲುದನಿಯಲ್ಲಿ 'ಲೈವ್ ಇದೆ ಸಾರ್' ಅಂದರೆ ಭಾವ ಎದ್ದು ಬಂದುಬಿಡುತ್ತಾರೆ.

ಇನ್ನು ಹೊಸ ನೀರು. ಡ್ರಮ್ಮಿನೊಳಗಿನ ಅದೇ ಪುಟ್ಟ ಪಂಪಿಗೆ ಪೈಪ್ ಸಿಕ್ಕಿಸಿ ಅಡುಗೆಮನೆಯ ಮೂಲಕ ಹಾಲಿಗೆ ಎಳೆಯುತ್ತೇವೆ. ಅಕ್ಕ ಕಾಲೆತ್ತಿ ದಾಟುತ್ತಾಳೆ. ತುದಿಯನ್ನು ಸಂಪಿನ ಅಂಚಿನ ಕೊಕ್ಕೆಗೆ ನೇತುಹಾಕಬೇಕು, ನೀರಿನಿಂದ ಮೇಲೆ. ಮುಳುಗಿಸಿಟ್ಟರೆ, ಪಂಪ್ ನಿಂತ ಕ್ಷಣ ತುಂಬಿಸಿದ್ದೇ ವಾಪಸ್ ಡ್ರಮ್ಮಿಗೆ ಹರಿಯುತ್ತದೆ; ಡ್ರಮ್ಮಿನ ಮಟ್ಟ ಕೆಳಗಿದ್ದರೆ ಸಾಕು.

ಸ್ವಿಚ್ ಒತ್ತುತ್ತಾರೆ. ಕೆಂಪು ಟೇಪಿನಿಂದ ಹಸಿರಿನ ಕಡೆಗೆ ನೀರು ಏರುತ್ತಿದೆ. ಅರ್ಧ ಏರಿದೆ ಅನ್ನುವಾಗ ಫ್ಯಾನ್ ನಿಧಾನವಾಗಿ ನಿಲ್ಲುತ್ತದೆ. ಕರೆಂಟ್ ಹೋಯಿತು. ಇಷ್ಟು ಹೊತ್ತು ಕಿವಿಗೆ ಬೀಳದಿದ್ದ ಸದ್ದುಗಳೆಲ್ಲ ನಿಂತು, ಮೇಲಿನ ತೊಟ್ಟಿಯ ಅಂಚಿನ ನೀರು ಗೊಟಗೊಟ ಎಂದು ಸಂಪಿಗೆ ಇಳಿಯುತ್ತದೆ. ನನ್ನ ಎದೆ ಧಸಕ್ಕೆಂದಿತು. ಭಾವ ಮಾತ್ರ ಕದಲಿಲ್ಲ. ಸಂಪಿನಲ್ಲಿ ಅಷ್ಟಕ್ಕೆ ಜಾಗ ಮೊದಲೇ ಬಿಟ್ಟಿದ್ದಾರೆ. ನೀರು ಹಸಿರು ಟೇಪ್ ದಾಟಿ, ನಾಲ್ಕು ಬೆರಳು ಮೇಲೇರಿ ನಿಲ್ಲುತ್ತದೆ. ಕತ್ತಲಲ್ಲಿ ಮೂವರೂ ಉಪ್ಪಿಟ್ಟು ತಿನ್ನುತ್ತೇವೆ.

ಕರೆಂಟ್ ಬಂದಾಗ ಎಂಟು ಇಪ್ಪತ್ತು. ಉಳಿದ ನೀರು ಏರಿತು, ಹಸಿರು ಟೇಪ್ ಮುಟ್ಟಿತು. ಹೀಟರ್, ಸ್ಕಿಮ್ಮರ್, ಕೊನೆಗೆ ಕೆಂಪು ಸ್ಟಿಕರ್. ಕರೆಂಟ್ ಇಲ್ಲದ ಹೊತ್ತು ಕಳೆದರೆ ಕೆಲಸ ಇಪ್ಪತ್ತೇ ನಿಮಿಷದ್ದು. ನೆಲ ಒಣಗಿದೆ. ನಾನು ಒಂದು ಚೊಂಬು ನೀರನ್ನೂ ಎತ್ತಲಿಲ್ಲ.

"ಎಲ್ಲಿಗೆ ಹೊರಟೆ?" ಅಕ್ಕ ಯುಟಿಲಿಟಿಯ ಬಾಗಿಲಲ್ಲಿ ನಿಂತಿದ್ದಾಳೆ. ಅವಳ ಹಿಂದೆ, ನಾನು ಆಗ ಗಮನಿಸಿರದ ಬಕೆಟ್ಟುಗಳ ಸಾಲು. ಆರ್‌ಓ ಒಂದು ಲೀಟರ್ ಶುದ್ಧ ನೀರು ಕೊಡಲು ಮೂರು ನಾಲ್ಕು ಲೀಟರನ್ನು ಆಚೆ ಬಿಡುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದು ಕೂತವಳು ಅದನ್ನು ಮೋರಿಗೆ ಬಿಡುತ್ತಾಳೆಯೇ? ನೆಲಕ್ಕೆ, ಪಾತ್ರೆಗೆ, ಬಟ್ಟೆಗೆ ಬಳಸಿಯೂ ಮೂರು ಉಳಿದಿವೆ, ಅಂಚಿನವರೆಗೆ ತುಂಬಿ.

"ಇವನ್ನ ಕೆಳಗೆ ತಗೊಂಡು ಹೋಗಿ ಕಾರು ತೊಳೆದುಬಿಡೋ. ಲಿಫ್ಟ್ ಕೆಟ್ಟಿದೆ, ಮೆಟ್ಟಿಲಲ್ಲಿ ಚೆಲ್ಲಬೇಡ."

ಪ್ಯಾಂಟ್ ಮಡಚುತ್ತೇನೆ.