ಎಸ್.ಪಿ. ರಸ್ತೆಗೆ ಒಂದು ಯಾತ್ರೆ

ಯಾತ್ರೆಯೆಂದರೆ ಕಾಶೀ ರಾಮೇಶ್ವರಗಳಿಗೆ ಹೋಗುವುದೇ ಆಗಬೇಕೆಂದಿಲ್ಲ. 2024ನೆಯ ಇಸವಿಯ ಜನವರಿ ತಿಂಗಳಿನಲ್ಲಿ ನಾನು ನನ್ನ ಸೋದರಳಿಯನೊಡನೆ ತುಮಕೂರಿನಿಂದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿಬಂದ ಸಂಗತಿಯನ್ನು ವಾಚಕರಿಗೆ ತಿಳಿಸಬೇಕೆಂದಿರುವೆನು. ಶಬ್ದರೂಪಗಳನ್ನೂ ಸಂಧಿಗಳನ್ನೂ ಬಾಯಿಪಾಠ ಮಾಡಿಸುತ್ತ ಆಯುಷ್ಯ ಕಳೆದ ಸಂಸ್ಕೃತದ ಮೇಷ್ಟರಿಗೆ ಕಂಪ್ಯೂಟರಿನ ಅಂಗಡಿಗಳಲ್ಲಿ ಏನು ಕೆಲಸವೆಂದು ಕೇಳುವಿರಾದರೆ, ಕೇಳತಕ್ಕ ಪ್ರಶ್ನೆಯೇ ಸರಿ.

ಹುಡುಗನಿಗೆ ಹದಿನೆಂಟು ವರ್ಷ. ಆಟವಾಡಲು ಯೋಗ್ಯವಾದ ಕಂಪ್ಯೂಟರನ್ನು ಬಿಡಿಭಾಗಗಳಾಗಿ ಕೊಂಡುತಂದು ತಾನೇ ಜೋಡಿಸಬೇಕೆಂಬುದು ಅವನ ಎರಡು ವರ್ಷಗಳ ಹಂಬಲ. ಸಂಜೆಯ ಹೊತ್ತು ನೆರೆಮನೆಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು 20,000 ರೂಪಾಯಿ ಕೂಡಿಹಾಕಿದ್ದನು. ಉಳಿದ 30,000 ನನ್ನ ತಂಗಿಯ ಚೀಟಿಯ ಹಣ. ಬಟ್ಟೆ ಹೊಲಿದು ತಿಂಗಳು ತಿಂಗಳೂ ಕಟ್ಟಿದ್ದು. "ಅಣ್ಣ, ನೀನೂ ಜೊತೆಗೆ ಹೋಗು. ಅವನಿಗೆ ಬೆಳ್ಳಗಿರುವುದೆಲ್ಲ ಹಾಲು" ಎಂದು ಆಕೆ ಹೇಳಿದಳು. ನನಗೆ ಈ ಆಟಗಳಲ್ಲಿ ಶ್ರದ್ಧೆಯಿಲ್ಲ. ತಂಗಿಯ ಹಣದಲ್ಲಿ ಉಂಟು. ಆದಕಾರಣ ಹೊರಟೆನು.

ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಬಂದು, ಅಲ್ಲಿಂದ ನೆಲದಡಿಯ ಮೆಟ್ರೋ ಹಿಡಿದು, ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದು ಪುರಭವನದ ಕಡೆಗೆ ನಡೆದೆವು. ಕೆಂಪೇಗೌಡರು 1537ರಲ್ಲಿ ಸ್ಥಾಪಿಸಿದ ಪೇಟೆಯಲ್ಲಿ ಒಂದೊಂದು ಕಸಬಿಗೆ ಒಂದೊಂದು ಬೀದಿ. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ ಮೊದಲಾದ ಹೆಸರುಗಳೇ ಸಾಕ್ಷಿ. ಕಂಪ್ಯೂಟರುಪೇಟೆಯೆಂದು ಯಾರೂ ನಾಮಕರಣ ಮಾಡಲಿಲ್ಲವೆಂಬುದೊಂದನ್ನು ಬಿಟ್ಟರೆ ಎಸ್.ಪಿ. ರಸ್ತೆಯೂ ಅದೇ ವಂಶದ್ದು. ತಲೆಯ ಮೇಲೆ ತಂತಿಗಳ ಬಲೆ. ಕಾಲಿನ ಕೆಳಗೆ ರಟ್ಟಿನ ಪೆಟ್ಟಿಗೆಗಳು. ನಡುವೆ ಸರಕು ತುಂಬಿದ ಆಟೋಗಳು ಒಂದಕ್ಕೊಂದು ದಾರಿ ಬಿಡದೆ ಕೂಗುತ್ತಿರುವುವು. ಇಬ್ಬರು ಎದುರಾದರೆ ಒಬ್ಬನು ಹಿಂದಿರುಗಬೇಕಾದಷ್ಟು ಕಿರಿದಾದ ಮೆಟ್ಟಿಲುಗಳನ್ನು ಹತ್ತಿದರೆ ಮೇಲೆಯೂ ಅಂಗಡಿಗಳೇ. ಕನ್ನಡ, ತಮಿಳು, ಹಿಂದಿ, ತೆಲುಗು, ಎಲ್ಲ ಭಾಷೆಗಳಲ್ಲಿಯೂ "ಏನು ಬೇಕು ಸಾರ್?" ಎಂಬ ಒಂದೇ ಪ್ರಶ್ನೆ.

ಮೊದಲನೆಯ ಅಂಗಡಿಯಲ್ಲಿ ಸಿದ್ಧವಾಗಿದ್ದ ಒಂದು ಯಂತ್ರವನ್ನು ತೋರಿಸಿದರು. ಗಾಜಿನ ಕ್ಯಾಬಿನೆಟ್ಟು, ಒಳಗೆ ದಸರೆಯ ದೀಪಗಳಂತೆ ಬಣ್ಣಬಣ್ಣದ ಬೆಳಕು. ಐ-7 ಪ್ರೊಸೆಸರು, 16 ಜಿಬಿ ರ‍್ಯಾಮು, 4 ಜಿಬಿ ಗ್ರಾಫಿಕ್ಸ್ ಕಾರ್ಡು, ಎಲ್ಲ ಸೇರಿ 32,000 ರೂಪಾಯಿ. ಬಿಲ್ಲು ಬೇಡವೆಂದರೆ ಇನ್ನೂ ಇಳಿಸುವರಂತೆ. ಹುಡುಗನು ನನ್ನನ್ನು ಪಕ್ಕಕ್ಕೆ ಕರೆದು, "ಮಾವ, ಅಮ್ಮನಿಗೆ 18,000 ಹಿಂದಕ್ಕೆ ಕೊಡಬಹುದು" ಎಂದನು. ನಿಜ ಹೇಳಬೇಕೆಂದರೆ ನನ್ನ ಮನಸ್ಸೂ ಜಾರಿತು.

ಆದರೆ ಐ-7 ಎಂಬುದು ಮನೆತನದ ಹೆಸರು ಮಾತ್ರ. ಗೋತ್ರಪ್ರವರಗಳನ್ನು ಕೇಳದೆ ಹೆಣ್ಣು ಕೊಡುವವರುಂಟೆ? "ಪೂರ್ತಿ ಸಂಖ್ಯೆ ಕೇಳಪ್ಪಾ" ಎಂದೆನು. ಒಲ್ಲದ ಮನಸ್ಸಿನಿಂದ 3770 ಎಂಬ ಉತ್ತರ ಬಂದಿತು. ಹುಡುಗನ ಮುಖ ಸಪ್ಪಗಾಯಿತು. ಅದು 2012ರಲ್ಲಿ ಹೊರಬಂದ ಪ್ರೊಸೆಸರು. ಆತನು ಒಂದನೆಯ ತರಗತಿಗೆ ಸೇರಿದ ಕಾಲದ್ದು. ಗ್ರಾಫಿಕ್ಸ್ ಕಾರ್ಡು ಜಿಟಿ 730, ಅದು 2014ರದು. 4 ಜಿಬಿ ಎಂಬುದು ಚೀಲದ ಅಳತೆಯೇ ಹೊರತು ಹೊರುವವನ ಬಲವಲ್ಲವೆಂದು ಹುಡುಗನೇ ನನಗೆ ವಿವರಿಸಿದನು. ಮೆಟ್ಟಿಲಿಳಿದೆವು.

ಎರಡನೆಯ ಅಂಗಡಿಯ ವರ್ತಕರು ವಯಸ್ಸಾದವರು. ಅವರು ಮೊದಲು ಕೇಳಿದ್ದು ಹಣವನ್ನಲ್ಲ, "ನಿಮ್ಮ ಮನೆಯ ಪರದೆ ಯಾವುದು?" ಎಂದು. ಮನೆಯಲ್ಲಿದ್ದುದು ನೆಂಟರು ಕೊಟ್ಟ ಹಳೆಯ ಮಾನಿಟರು. ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ಗುಣಿಸಿದರೆ 20,73,600. ಆಟದಲ್ಲಿ ಇವುಗಳನ್ನು ಸೆಕೆಂಡಿಗೆ 60 ಸಲ ಹೊಸದಾಗಿ ಬರೆಯಬೇಕು. ಹನ್ನೆರಡು ಕೋಟಿಗೂ ಮೇಲಾಯಿತು. ಈ ಬರವಣಿಗೆಯೆಲ್ಲ ಗ್ರಾಫಿಕ್ಸ್ ಕಾರ್ಡಿನ ಪಾಲಿನದು. ಯಾರು ಎಲ್ಲಿ ನಿಂತರು, ಚೆಂಡು ಎತ್ತ ಹೋಯಿತು ಎಂದು ನಿಶ್ಚಯಿಸುವುದು ಪ್ರೊಸೆಸರಿನ ಪಾಲಿನದು. ಒಂದು ಚಿತ್ರಕಾರ, ಇನ್ನೊಂದು ಸೂತ್ರಧಾರ. ಸೂತ್ರಧಾರನು ನಿಧಾನಿಯಾದರೆ ಚಿತ್ರಕಾರನು ಕುಂಚ ಹಿಡಿದು ಕಾಯಬೇಕು. ಈ ಪರದೆಗೆ 8 ಜಿಬಿಯ ಆರ್‌ಎಕ್ಸ್ 6600 ಕಾರ್ಡು ಸಾಕು, ಹೆಚ್ಚಿನದು ವ್ಯರ್ಥವೆಂದು ಅವರು ಹೇಳಿ, 20,500 ಎಂದು ಕಾಗದದ ಮೇಲೆ ಬರೆದರು. ರ‍್ಯಾಮಿನಲ್ಲಿ 16ರ ಒಂದು ಪಟ್ಟಿಗಿಂತ 8ರ ಎರಡು ಪಟ್ಟಿಗಳು ಮೇಲು. ಗಾಡಿಗೆ ಒಂಟಿ ಎತ್ತು ಕಟ್ಟುವವರಾರು?

ಕಷ್ಟ ಬಂದುದು ಆಮೇಲೆ. ಹುಡುಗನು ಮನಸ್ಸಿಟ್ಟಿದ್ದ ಪ್ರೊಸೆಸರು ರೈಜೆನ್ 5 5600, ಆರು ಕೋರುಗಳುಳ್ಳದ್ದು. ಅದನ್ನೂ ಅದಕ್ಕೆ ಒಪ್ಪುವ ಮದರ್‌ಬೋರ್ಡನ್ನೂ ಸೇರಿಸಿದರೆ ಒಟ್ಟು 52,500 ಆಗುತ್ತಿದ್ದಿತು. ನಮ್ಮಲ್ಲಿ 50,000. ಹುಡುಗನು ಕೂಡಲೇ ಉಪಾಯ ಹೇಳಿದನು: 4,500ರ ಎಸ್.ಎಂ.ಪಿ.ಎಸ್. ಬಿಟ್ಟು 1,500ರದನ್ನು ತೆಗೆದುಕೊಂಡರೆ ಸರಿಹೋಗುವುದು. ಅದು ಆಟ ಆಡಿಸುವುದಿಲ್ಲವಷ್ಟೆ, ವಿದ್ಯುತ್ತು ಕೊಟ್ಟರಾಯಿತು.

ವರ್ತಕರು ವಾದಿಸಲಿಲ್ಲ. ಮೇಜಿನ ಕೆಳಗಿನಿಂದ ಸುಟ್ಟ ವಾಸನೆಯ ಒಂದು ಡಬ್ಬಿಯನ್ನು ತೆಗೆದಿಟ್ಟರು. ಅದರ ಮೇಲೆ 500 ವ್ಯಾಟ್ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದಿತು. "ಮೇಷ್ಟ್ರೇ, ಬರೆದದ್ದಕ್ಕೂ ಕೊಡುವುದಕ್ಕೂ ಸಂಬಂಧವಿಲ್ಲ. ಇದು ಹೋಗುವಾಗ ಕೆಲವು ಸಲ ಒಂಟಿಯಾಗಿ ಹೋಗುವುದಿಲ್ಲ. ಕಾರ್ಡು ಬೋರ್ಡುಗಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ." ಬೇಸಿಗೆಯಲ್ಲಿ ನಮ್ಮ ಬೀದಿಯ ದೀಪಗಳು ಏರಿ ಇಳಿಯುವ ಪರಿ ನನಗೆ ನೆನಪಾಯಿತು. ಬಾಯಿ ಬಿಡಬೇಕೆಂದಿದ್ದೆನು, ತಡೆದುಕೊಂಡೆನು. ಹುಡುಗನು ಆ ಡಬ್ಬಿಯನ್ನು ಬಹಳ ಹೊತ್ತು ತಿರುಗಿಸಿ ನೋಡಿ, "ಐ-3 12100 ಎಫ್ ಕೊಡಿ" ಎಂದನು. ನಾಲ್ಕೇ ಕೋರುಗಳು, ಸುಮಾರು 8,000. ಅದರ ಎಚ್ 610 ಬೋರ್ಡಿನ ಪೀಠದಲ್ಲಿ ಮುಂದೆ ಕೈಯಲ್ಲಿ ಕಾಸಾದಾಗ ಐ-5 ಅನ್ನು ಕೂರಿಸಬಹುದು; ಸುಟ್ಟ ಬೋರ್ಡಿನಲ್ಲಿ ಏನನ್ನೂ ಕೂರಿಸಲಾಗದು. ಒಟ್ಟು 49,000, ತೆರಿಗೆ ಸೇರಿ, ಬಿಲ್ಲು ಸಹಿತ. (ಈ ಧಾರಣೆಗಳು ಆ ತಿಂಗಳಿನವು. 2025ರ ಕೊನೆಯಲ್ಲಿ ರ‍್ಯಾಮಿನ ಬೆಲೆ ವಿಪರೀತ ಏರಿತು. ಈಗ ಕೊಳ್ಳುವವರು ಹೊಸದಾಗಿ ವಿಚಾರಿಸತಕ್ಕದ್ದು.)

ಸಂಖ್ಯೆಯ ಕೊನೆಯ ಎಫ್ ಏನೆಂದು ಕೇಳಿದೆನು. ಆ ಅಕ್ಷರವಿದ್ದರೆ ಪ್ರೊಸೆಸರಿಗೆ ಸ್ವಂತ ಚಿತ್ರಶಕ್ತಿಯಿಲ್ಲ, ಕಾರ್ಡಿಲ್ಲದೆ ಪರದೆಯಲ್ಲಿ ಏನೂ ಮೂಡದು, ಬೆಲೆ ಮಾತ್ರ ಕಡಮೆ ಎಂದರು. ಒಂದು ಪ್ರತ್ಯಯದಿಂದ ಅರ್ಥವೇ ಬದಲಾಗುವುದು ನನಗೆ ಹೊಸದಲ್ಲ. ಬೀದಿಯಲ್ಲೆಲ್ಲ ನನಗೆ ಪರಿಚಿತವಾದ ವಸ್ತುವೊಂದು ಸಿಕ್ಕಿತೆಂದು ಸಂತೋಷಪಟ್ಟೆನು.

ಹಿಂದಿರುಗುವ ರೈಲಿನಲ್ಲಿ ಹುಡುಗನು ಕಾರ್ಡಿನ ಪೆಟ್ಟಿಗೆಯನ್ನು ಮಡಿಲಿನಿಂದ ಇಳಿಸಲಿಲ್ಲ. ರಾತ್ರಿ ಊಟವನ್ನು ಅರ್ಧಕ್ಕೆ ಬಿಟ್ಟು ಎದ್ದವನು ಹನ್ನೊಂದು ಗಂಟೆಯ ಹೊತ್ತಿಗೆ ಜೋಡಣೆ ಮುಗಿಸಿ ಗುಂಡಿ ಒತ್ತಿದನು. ಫ್ಯಾನುಗಳು ತಿರುಗಿದವು, ಪರದೆ ಕಪ್ಪಾಗಿಯೇ ಉಳಿಯಿತು. ಮತ್ತೆ ಒತ್ತಿದನು. ರ‍್ಯಾಮನ್ನು ಕಿತ್ತು ಹಾಕಿದನು. ತಂಗಿಯು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಏನನ್ನೂ ಕೇಳಲಿಲ್ಲ. ಹುಡುಗನ ಕೈ ನಡುಗುತ್ತಿದ್ದಿತು.

ನಾನು ಕನ್ನಡಕ ಸರಿಮಾಡಿಕೊಂಡು ಯಂತ್ರದ ಬೆನ್ನನ್ನು ನೋಡಿದೆನು. ಪರದೆಯ ಕೇಬಲ್ಲು ಮೇಲುಗಡೆ ಮದರ್‌ಬೋರ್ಡಿಗೆ ಸಿಕ್ಕಿದ್ದಿತು; ಅದೇ ಆಕಾರದ ಇನ್ನೊಂದು ಕಿಂಡಿ ಕೆಳಗೆ ಗ್ರಾಫಿಕ್ಸ್ ಕಾರ್ಡಿನಲ್ಲಿ ಬರಿದಾಗಿದ್ದಿತು. "ಎಫ್ ಪ್ರತ್ಯಯವನ್ನು ಮರೆತೆಯಲ್ಲೋ" ಎಂದೆನು. ಅವನು ಕೇಬಲ್ಲನ್ನು ಕಿತ್ತು ಕೆಳಗೆ ಸಿಕ್ಕಿಸಿದನು. ಪರದೆಯ ಮೇಲೆ ಬಿಳಿಯ ಅಕ್ಷರಗಳು ಮೂಡಿದವು.

ತಂಗಿಯು ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ರೇಷನ್ ಕಾರ್ಡಿನ ಡಬ್ಬಿಯಲ್ಲಿಟ್ಟು, ಆ ಹೊತ್ತಿನಲ್ಲಿ ಕಾಫಿಗೆ ನೀರಿಡಲು ಒಳಗೆ ಹೋದಳು.